ಅಜ್ಜಿಯ ಬಾಯಿ ಮುಚ್ಚಿಸಿ ಕನ್ನಡ ಉಳಿಸುತ್ತೀರಾ?



ಬೋರ್ಡಿಗೆ ಮಸಿ ಬಳಿಯುವುದು ನಮಗೆ ಗೊತ್ತು. ಅಂಗಡಿ ಮುಂದೆ ನಿಂತು ಧಿಕ್ಕಾರ ಕೂಗುವುದು ಗೊತ್ತು. ನವೆಂಬರ್ ಬಂತೆಂದರೆ ಹಳದಿ ಕೆಂಪು ಶಾಲು ಹೊದ್ದು ಬೈಕು ಓಡಿಸುವುದಂತೂ ಚೆನ್ನಾಗಿಯೇ ಗೊತ್ತು. ಆದರೆ ನಿಮ್ಮೂರಿನ ಗ್ರಾಮಸಭೆ ಕೊನೆಯ ಸಲ ನಡೆದದ್ದು ಯಾವತ್ತು? ಅಲ್ಲಿ ಯಾರು ಎದ್ದು ನಿಂತರು? ಅವರಾಡಿದ ಮಾತು ಪುಸ್ತಕಕ್ಕೆ ಏರಿತೋ, ಗಾಳಿಗೆ ಹೋಯಿತೋ? ಇದು ಗೊತ್ತೇ? ಗೊತ್ತಿಲ್ಲ! ನಾಚಿಕೆಪಡಬೇಡಿ, ಮೊನ್ನೆಮೊನ್ನೆಯವರೆಗೆ ನನಗೂ ಗೊತ್ತಿರಲಿಲ್ಲ.

ಹೆಬ್ರಿ ನೋಡಿದ್ದೀರಾ? ಆಗುಂಬೆ ಘಾಟಿಯ ತಿರುವುಗಳನ್ನು ಇಳಿದು ಸೋಮೇಶ್ವರ ದಾಟಿದರೆ ಸಿಗುವ ಊರು. ಮೊದಲು ಕಾರ್ಕಳ ತಾಲೂಕಿನ ಮೂಲೆ. 2018ರಿಂದ ತಾನೇ ಒಂದು ತಾಲೂಕು ಕೇಂದ್ರ. ತುಳುವೂ ಕುಂದಾಪುರದ ಕನ್ನಡವೂ ಎದುರುಬದುರಾಗುವ ಸೀಮೆ ಅದು. ನಡುವೆ ಕೊಂಕಣಿ, ಕುಡುಬಿಯರ ಮಾತು, ಕೊರಗರ ಮಾತು. ಒಂದೇ ಜಗಲಿಯಲ್ಲಿ ಕೂತ ನಾಲ್ವರು ನಾಲ್ಕು ಬಗೆಯಲ್ಲಿ ಮಾತಾಡಿ, ಒಂದೇ ಚಹಾ ಕುಡಿದು ಎದ್ದು ಹೋಗುತ್ತಾರೆ. ಶಾಲೆಗೆ, ಯಕ್ಷಗಾನಕ್ಕೆ, ಪೇಪರಿಗೆ, ಅರ್ಜಿಗೆ ಮಾತ್ರ ಎಲ್ಲರಿಗೂ ಕನ್ನಡ. ಇದನ್ನು ಅವರಿಗೆ ಯಾರೂ ಲಾಠಿ ಹಿಡಿದು ಕಲಿಸಲಿಲ್ಲ.

ರಜೆಗೆ ಊರಿಗೆ ಹೋದವನು ಆ ಕಡೆಯ ಒಂದು ಗ್ರಾಮಸಭೆಯಲ್ಲಿ ಕೂತಿದ್ದೆ. ಯಾವ ಪಂಚಾಯಿತಿ ಎಂದು ಕೇಳಬೇಡಿ. ಹತ್ತು ಕಡೆ ನಡೆಯುವುದನ್ನು ಒಂದು ಊರಿನ ತಲೆಗೆ ಕಟ್ಟಿ ಪ್ರಯೋಜನವಿಲ್ಲ.

ಪ್ರಾರ್ಥನೆ ಆಯಿತು. ಸ್ವಾಗತ ಆಯಿತು. ವೇದಿಕೆಯ ಮೇಲಿದ್ದವರಿಗೆಲ್ಲ ಹೂವು ಕೊಟ್ಟದ್ದಾಯಿತು. ಹಿಂದಿನ ಸಭೆಯ ನಡಾವಳಿಯನ್ನು ಒಬ್ಬರು ರೈಲು ಹೋದ ಹಾಗೆ ಓದಿ ಮುಗಿಸಿದರು. ಆಮೇಲೆ ಶುರುವಾಯಿತು ಇಲಾಖೆಗಳ ಮಾಹಿತಿ. ಒಂದು ಮುಗಿದರೆ ಇನ್ನೊಂದು. ಒಬ್ಬರಂತೂ, "ಈ ಸ್ಕೀಮಿನ ಬೆನಿಫಿಶಿಯರಿ ಸೆಲೆಕ್ಷನ್ ಪೋರ್ಟಲ್ ಥ್ರೂ ಆಗುತ್ತೆ, ಆಧಾರ್ ಸೀಡಿಂಗ್ ಕಂಪಲ್ಸರಿ, ಎಸ್ಟಿಮೇಟ್ ಅಪ್ರೂವಲ್ ಪೆಂಡಿಂಗ್ ಇದೆ" ಎಂದರು. ಇದು ಕನ್ನಡವಂತೆ! ಯಾರೂ ಅವರನ್ನು ತಡೆಯಲಿಲ್ಲ. ಒಂದೂವರೆ ಗಂಟೆ ಹೀಗೇ ಹೋಯಿತು.

ಆಗ ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ ಎದ್ದರು. ಮೈಕು ಕೇಳಲಿಲ್ಲ. "ಮರಿಯಾಲೊಡು ಜೋಕುಲು ಶಾಲೆಗ್ ಪೋಪುನಿ ಎಂಚ ಸಾರ್?" ಎಂದರು. ಮಳೆಗಾಲದಲ್ಲಿ ಮಕ್ಕಳು ಶಾಲೆಗೆ ಹೋಗುವುದು ಹೇಗೆ ಸಾರ್, ಅಷ್ಟೇ ಪ್ರಶ್ನೆ. ಅವರ ಮನೆ ಪಕ್ಕದ ತೋಡಿಗೆ ಎರಡು ಅಡಿಕೆ ಮರ ಅಡ್ಡ ಹಾಕಿ ಮಾಡಿದ ಕಾಲುಸಂಕದ ಮಾತು. ಒಂದು ಮರ ಕುಂಬಾಗಿತ್ತು.

ವೇದಿಕೆಯ ಮೇಲಿದ್ದ ಅಧಿಕಾರಿ ಘಟ್ಟದ ಮೇಲಿನವರು. ಕೈ ಎತ್ತಿ, "ಅಮ್ಮಾ, ಇದು ಸರ್ಕಾರಿ ಸಭೆ. ಕನ್ನಡದಲ್ಲಿ ಮಾತಾಡಿ" ಎಂದರು. ಅಜ್ಜಿ ಒಂದು ಗಳಿಗೆ ನಿಂತರು. ಸೆರಗು ಸರಿಮಾಡಿಕೊಂಡರು. ಕೂತುಬಿಟ್ಟರು. ಹಿಂದೆ ಯಾವನೋ ಒಬ್ಬ ಚಪ್ಪಾಳೆ ತಟ್ಟಿದ. ಕನ್ನಡ ಗೆದ್ದಿತು ಎಂದುಕೊಂಡನೋ ಏನೋ!

ನನ್ನ ಪಾಪವನ್ನೂ ಹೇಳಿಬಿಡುತ್ತೇನೆ. ನನಗೆ ತುಳು ಬರುತ್ತದೆ, ಕನ್ನಡವೂ ಬರುತ್ತದೆ. ಎದ್ದು ನಿಂತು ಎರಡು ವಾಕ್ಯದಲ್ಲಿ ಅಜ್ಜಿಯ ಮಾತನ್ನು ಹೇಳಬಹುದಿತ್ತು. ಹೇಳಲಿಲ್ಲ. ಬೆಂಗಳೂರಿನಲ್ಲಿ ಮೈಕು ಸಿಕ್ಕರೆ ಬಿಡದ ನಾಲಿಗೆ ಅಲ್ಲಿ ಅಂಟಿಕೊಂಡಿತು. ಮುಂದಿನ ಸಲ ಹೋದಾಗ ನಡಾವಳಿ ಪುಸ್ತಕ ಕೇಳಿ ನೋಡಿದೆ. ಅಜ್ಜಿ ಇರಲಿಲ್ಲ, ತೋಡೂ ಇರಲಿಲ್ಲ. "ಸಾರ್ವಜನಿಕರೊಂದಿಗೆ ಚರ್ಚಿಸಿ ಸರ್ವಾನುಮತದಿಂದ ಅನುಮೋದಿಸಲಾಯಿತು" ಎಂದು ಮಾತ್ರ ಇತ್ತು. ಅಚ್ಚ ಕನ್ನಡದಲ್ಲಿ, ಒಂದೂ ಕಾಗುಣಿತದ ತಪ್ಪಿಲ್ಲದೆ.

ಕಾಲುಸಂಕ ಎಂದರೆ ಏನು ಮಹಾ ಎನ್ನುವವರಿಗೆ ಒಂದು ಮಾತು. 2022ರ ಆಗಸ್ಟಿನಲ್ಲಿ ಇದೇ ಉಡುಪಿ ಜಿಲ್ಲೆಯ ಬೈಂದೂರು ತಾಲೂಕಿನಲ್ಲಿ ಶಾಲೆಯಿಂದ ಮರಳುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ಕಾಲುಸಂಕದಿಂದ ಜಾರಿ ನೀರು ಪಾಲಾದಳು. ಆಮೇಲೆ ಮಂತ್ರಿಗಳು ಬಂದರು, ಕ್ಯಾಮೆರಾ ಬಂತು, ಜಿಲ್ಲೆಯ ಕಾಲುಸಂಕಗಳ ಲೆಕ್ಕ ಶುರುವಾಯಿತು. ಸಾವು ಆದ ಮೇಲೆ ಎಲ್ಲರಿಗೂ ಎಲ್ಲ ಭಾಷೆಯೂ ಅರ್ಥವಾಗುತ್ತದೆ. ಅದಕ್ಕೂ ಮೊದಲು ಕೇಳಿಸಿಕೊಳ್ಳುವ ಜಾಗ ಗ್ರಾಮಸಭೆ ಒಂದೇ.

ಈಗ ಕಾನೂನು ಏನು ಹೇಳುತ್ತದೆ ನೋಡೋಣ. ನಮ್ಮ ಹುಡುಗರಲ್ಲಿ ಬಹಳ ಜನ ಅರ್ಧ ಕಾನೂನು ಓದಿ ಪೂರ್ತಿ ಕೂಗುತ್ತಾರೆ.

ಸ್ಥಳೀಯ ಪ್ರಾಧಿಕಾರಗಳ ರಾಜಭಾಷೆ ಕನ್ನಡ ಎಂದು 1981ರಲ್ಲೇ ಕಾಯಿದೆ ಆಗಿದೆ. ಪಂಚಾಯಿತಿ, ಪುರಸಭೆ, ನಗರಪಾಲಿಕೆಗಳ ಆಡಳಿತ ಕನ್ನಡದಲ್ಲಿ ನಡೆಯಬೇಕು. ಇದರಲ್ಲಿ ಒಂದಿಂಚೂ ಬಿಡುವ ಪ್ರಶ್ನೆಯಿಲ್ಲ. ಆದರೆ ಆಡಳಿತ ಭಾಷೆ ಎಂದರೇನು? ಆಡಳಿತ ನಡೆಸುವವನ ಹೆಗಲ ಮೇಲಿನ ಹೊಣೆ. ಅಹವಾಲು ಹೇಳಲು ಬಂದ ಮುದುಕಿಯ ಬಾಯಿಗೆ ಹಾಕುವ ಬೀಗವಲ್ಲ! ಸಂವಿಧಾನದ 350ನೇ ವಿಧಿ ತೆಗೆದು ನೋಡಿ. ತನ್ನ ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡುವ ಹಕ್ಕು ಪ್ರತಿಯೊಬ್ಬನಿಗೂ ಇದೆ. 210ನೇ ವಿಧಿ ನೋಡಿ. ವಿಧಾನಸಭೆಯಲ್ಲೇ, ಸದನದ ಭಾಷೆಯಲ್ಲಿ ತನ್ನ ಮಾತನ್ನು ಸರಿಯಾಗಿ ಹೇಳಲಾರದ ಸದಸ್ಯನಿಗೆ ತಾಯ್ನುಡಿಯಲ್ಲಿ ಮಾತಾಡಲು ಸಭಾಧ್ಯಕ್ಷರು ಅನುಮತಿ ಕೊಡಬಹುದು. 2023ರ ಜುಲೈಯಲ್ಲಿ ವಿಧಾನಸೌಧದೊಳಗೇ ಪುತ್ತೂರಿನ ಶಾಸಕ ಅಶೋಕ್ ಕುಮಾರ್ ರೈ ತುಳುವಿನಲ್ಲಿ ಎದ್ದು ನಿಂತರು, ಸಭಾಧ್ಯಕ್ಷರ ಪೀಠದಲ್ಲಿದ್ದ ಯು.ಟಿ. ಖಾದರ್ ತುಳುವಿನಲ್ಲೇ ಉತ್ತರಿಸಿದರು. ಸೌಧ ಕುಸಿದು ಬಿತ್ತೇ? ಕನ್ನಡ ಸತ್ತುಹೋಯಿತೇ? ಶಾಸಕನಿಗೆ ಸಿಕ್ಕಿದ ಸಲಿಗೆ ಶಾಸಕನಿಗೆ ಓಟು ಹಾಕಿದವಳಿಗೆ ಯಾಕಿಲ್ಲ?

ಪಂಚಾಯತ್ ರಾಜ್ ಕಾಯಿದೆ 1993ರದು. ಈಗ ಅದರ ಹೆಸರಿನ ಹಿಂದೆ ಗ್ರಾಮ ಸ್ವರಾಜ್ ಎಂಬ ಮಾತೂ ಸೇರಿದೆ. ಹೆಸರು ದೊಡ್ಡದಾಗಿದೆ. ಆ ಕಾಯಿದೆಯ ಪ್ರಕಾರ ಮತದಾರರ ಪಟ್ಟಿಯಲ್ಲಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರೇ, ಪ್ರೇಕ್ಷಕರಲ್ಲ. ಆರು ತಿಂಗಳಿಗೊಮ್ಮೆಯಾದರೂ ಸಭೆ ಆಗಬೇಕು. ಸದಸ್ಯರ ಹತ್ತನೇ ಒಂದು ಭಾಗ ಅಥವಾ ನೂರು ಮಂದಿ, ಯಾವುದು ಕಡಿಮೆಯೋ ಅಷ್ಟು ಜನ ಸೇರಿದರೇ ಕೋರಂ. ಬಂದವರಲ್ಲಿ ನೂರಕ್ಕೆ ಮೂವತ್ತು ಹೆಂಗಸರಿರಬೇಕು. ಹೆಂಗಸರನ್ನು ಎಣಿಸಿ ಕೂರಿಸುತ್ತೀರಿ, ಬಾಯಿ ತೆರೆದರೆ ಭಾಷೆ ಸರಿಯಿಲ್ಲ ಎನ್ನುತ್ತೀರಿ. ಹಾಗಾದರೆ ಅವರು ಬಂದದ್ದು ಯಾತಕ್ಕೆ, ಲೆಕ್ಕ ತುಂಬುವುದಕ್ಕೆ?

ಅದೇ ಕಾಯಿದೆಯಲ್ಲಿ ಇನ್ನೊಂದು ಮಾತಿದೆ. ಪಂಚಾಯಿತಿ ಸಭೆಯ ಚರ್ಚೆ ಮುಗಿದ ಕೂಡಲೇ ನಡಾವಳಿಯನ್ನು ಪುಸ್ತಕದಲ್ಲಿ ಬರೆಯಬೇಕು, ಅದನ್ನು ಓದಬೇಕು, ಆಮೇಲೆ ಸಭೆ ನಡೆಸಿದವರು ಸಹಿ ಹಾಕಬೇಕು. ಬರೆ, ಓದು, ಸಹಿ. ಇಷ್ಟೇ! ಗ್ರಾಮಸಭೆಯಲ್ಲೂ ಇದೇ ಆಗಬೇಕು, ಅದೂ ಮೈಕಿನಲ್ಲಿ, ಎದ್ದು ಹೋಗುವ ಮೊದಲು. ಆದರೆ ನಾನು ಕಂಡದ್ದೇನು? ಚಹಾದ ಲೋಟ ಬಂದ ಕೂಡಲೇ ಹಾಜರಿ ಪುಸ್ತಕ ಬರುತ್ತದೆ. ಖಾಲಿ ಹಾಳೆಯ ಕೆಳಗೆ ಸಾಲಾಗಿ ಸಹಿ, ಹೆಬ್ಬೆಟ್ಟು. ಮೇಲಿನ ಜಾಗ ತುಂಬುವುದು ಜನ ಮನೆ ಸೇರಿದ ಮೇಲೆ. ನೂರು ಜನರ ಸಹಿ, ಒಬ್ಬನ ಮಾತು.

ಇಲ್ಲಿ ನಮ್ಮ ಹೋರಾಟಗಾರ ಗೆಳೆಯರ ಹತ್ತಿರ ನನ್ನ ಜಗಳ. ಬಾಯಿಯ ಭಾಷೆ ಬೇರೆ, ಪುಸ್ತಕದ ಭಾಷೆ ಬೇರೆ. ಪುಸ್ತಕದಲ್ಲಿ ಕನ್ನಡವಲ್ಲದೆ ಬೇರೇನೂ ಇರಕೂಡದು. ಬಾಯಿಗೆ ಯಾವ ಕಟ್ಟೂ ಇರಕೂಡದು. ತುಳುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುವುದು ಬರೆಯಲು ಸಂಬಳ ಪಡೆಯುವವನ ಕೆಲಸ, ಹೇಳುವವಳ ಕೆಲಸವಲ್ಲ. ಬರೆಯುವವನಿಗೆ ತುಳು ಬರದಿದ್ದರೆ ಪಕ್ಕದಲ್ಲಿ ಬರುವವರನ್ನು ಕೂರಿಸಿಕೊಳ್ಳಲಿ. ಊರಿನಲ್ಲಿ ಅಂಥವರಿಗೆ ಬರವೇ?

"ಹೀಗೆ ಬಿಟ್ಟರೆ ಬೆಳಗಾವಿಯಲ್ಲೂ ಬಿಡಬೇಕಾಗುತ್ತದೆ" ಎನ್ನುತ್ತಾನೆ ಒಬ್ಬ ಗೆಳೆಯ. ಸರಿ, ಬೆಳಗಾವಿಯನ್ನೇ ತೆಗೆದುಕೊಳ್ಳೋಣ. ಅಲ್ಲಿ ಎಂಇಎಸ್‌ನವರು ಕೇಳುತ್ತಾ ಬಂದದ್ದು ಏನು? ಸಭೆಯ ಕಾರ್ಯಸೂಚಿ, ನೋಟೀಸು, ಕಡತ ಮರಾಠಿಯಲ್ಲಿ ಬೇಕು ಎಂದು. ಅದು ಪುಸ್ತಕದ ಭಾಷೆಯ ಮೇಲೆ ಹಾಕಿದ ಕೈ. 2005ರಲ್ಲಿ ಅದೇ ಪಾಲಿಕೆ ಮಹಾರಾಷ್ಟ್ರಕ್ಕೆ ಸೇರಬೇಕೆಂದು ಠರಾವು ಮಾಡಿತು, ಸರ್ಕಾರ ಪಾಲಿಕೆಯನ್ನೇ ವಿಸರ್ಜಿಸಿತು. ಅದು ಗಡಿಯ ಜಗಳ, ನಾಡಿನ ನಕ್ಷೆಯ ಜಗಳ. ಹೆಬ್ರಿಯ ಅಜ್ಜಿ ಯಾವ ನಕ್ಷೆ ಬದಲಾಯಿಸಲು ಹೊರಟಿದ್ದರು ಸ್ವಾಮಿ? ಅವರು ಕೇಳಿದ್ದು ಒಂದು ಸಂಕ!

ಇನ್ನು ಕಾಸರಗೋಡು. ಗಡಿ ಆಚೆಯ ನಮ್ಮವರ ವಿಷಯ ಬಂದರೆ ನಮ್ಮ ಕಣ್ಣು ಕೆಂಪಾಗುತ್ತದೆ. ಆಗಬೇಕಾದ್ದೇ. 1956ರಿಂದ ಅವರು ಕೇರಳದ ಪಂಚಾಯಿತಿ ಕಚೇರಿಗಳಲ್ಲಿ ಕನ್ನಡದಲ್ಲಿ ಅರ್ಜಿ ಕೊಡುವ, ಕನ್ನಡದಲ್ಲಿ ಉತ್ತರ ಪಡೆಯುವ ಹಕ್ಕಿಗಾಗಿ ಹೋರಾಡುತ್ತಿದ್ದಾರೆ. 1969ರ ಕೇರಳದ ರಾಜಭಾಷಾ ಕಾಯಿದೆಯಲ್ಲಿ ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ಮಾಡುವ ಅವಕಾಶ ಬರೆದಿಟ್ಟಿದ್ದಾರೆ. ಕಾಗದದಲ್ಲಿ ಇದೆ, ಕೌಂಟರಿನಲ್ಲಿ ಇಲ್ಲ ಎನ್ನುವುದೇ ಅಲ್ಲಿಯವರ ಗೋಳು. ಮಂಜೇಶ್ವರದ ಕನ್ನಡಿಗನಿಗೆ ಅಲ್ಲಿ ಬೇಕು ಎಂದು ಕೂಗುವ ಗಂಟಲು ಹೆಬ್ರಿಯ ತುಳುವಜ್ಜಿಗೆ ಇಲ್ಲಿ ಬೇಡ ಎನ್ನಬಹುದೇ? ಆ ಹೋರಾಟದ ಹಿರಿಯ ಕಯ್ಯಾರ ಕಿಞ್ಞಣ್ಣ ರೈ ನೂರು ವರ್ಷ ಬದುಕಿ 2015ರಲ್ಲಿ ತೀರಿಕೊಂಡರು. ಅವರ ಮನೆಮಾತು ಯಾವುದು ಗೊತ್ತೇ? ತುಳು. ತುಳುವಿನಲ್ಲಿ ಕವಿತೆ ಬರೆದರು, ಕನ್ನಡಕ್ಕಾಗಿ ಬೀದಿಗಿಳಿದರು, ಬದಿಯಡ್ಕ ಪಂಚಾಯಿತಿಯ ಅಧ್ಯಕ್ಷರೂ ಆಗಿದ್ದರು. ಅವರ ಒಂದು ನಾಲಿಗೆ ಇನ್ನೊಂದನ್ನು ಕಚ್ಚಲಿಲ್ಲ.

2025ರಲ್ಲಿ ಪಕ್ಕದ ದಕ್ಷಿಣ ಕನ್ನಡದಲ್ಲಿ ಪಂಚಾಯಿತಿ ಸಭೆಗಳಲ್ಲಿ ತುಳು ಆಡಬಹುದೇ ಕೂಡದೇ ಎಂಬುದೇ ದೊಡ್ಡ ವಿವಾದವಾಯಿತು. ಪತ್ರಿಕೆಗಳ ತುಂಬ ಅದೇ. ಆ ಗದ್ದಲದಲ್ಲಿ ಯಾರಾದರೂ ಇಂಗ್ಲಿಷಿನ ಮಾತೆತ್ತಿದರೇ? ಪೋರ್ಟಲ್, ಸೀಡಿಂಗ್, ಅಪ್ರೂವಲ್ಲುಗಳ ಬಗ್ಗೆ ಒಬ್ಬನಾದರೂ "ಸಾರ್, ಕನ್ನಡದಲ್ಲಿ ಹೇಳಿ" ಎಂದನೇ? ಇಲ್ಲ! ನಮ್ಮ ಸಿಟ್ಟು ಯಾವಾಗಲೂ ಬಡಪಾಯಿಯ ಭಾಷೆಯ ಮೇಲೆ. ಟೈ ಕಟ್ಟಿದ ಭಾಷೆಯ ಮುಂದೆ ನಾವು ಕೈಕಟ್ಟಿ ನಿಲ್ಲುತ್ತೇವೆ.

ಹೆಬ್ರಿಯಂಥ ಘಟ್ಟದ ತಪ್ಪಲಿನವರಿಗೆ ಈ ಇಂಗ್ಲಿಷಿನ ಬಿಸಿ ಚೆನ್ನಾಗಿ ತಟ್ಟಿದೆ. ಹಿಂದುಗಡೆ ಸೋಮೇಶ್ವರ ಅಭಯಾರಣ್ಯ, ಅದಕ್ಕೂ ಆಚೆ ಕುದುರೆಮುಖ ರಾಷ್ಟ್ರೀಯ ಉದ್ಯಾನ. 2013ರಲ್ಲಿ ಕಸ್ತೂರಿರಂಗನ್ ವರದಿ ಬಂತು. 2014ರಿಂದ ಕೇಂದ್ರ ಸರ್ಕಾರ ಕರಡು ಅಧಿಸೂಚನೆಯ ಮೇಲೆ ಕರಡು ಅಧಿಸೂಚನೆ ಹೊರಡಿಸುತ್ತಾ ಬಂತು, 2024ರ ಜುಲೈಯಲ್ಲಿ ಬಂದದ್ದು ಆರನೆಯದು. ಆಕ್ಷೇಪಣೆ ಇದ್ದರೆ ಅರುವತ್ತು ದಿನದಲ್ಲಿ ಹೇಳಿ ಎನ್ನುತ್ತದೆ ಗೆಜೆಟ್. ಯಾವ ಭಾಷೆಯಲ್ಲಿ? ಹಿಂದಿ, ಇಂಗ್ಲಿಷ್! ಪಶ್ಚಿಮ ಘಟ್ಟದ ಗ್ರಾಮಸಭೆಗಳು ತಾವು ಓದಲಾರದ ಕಾಗದದ ಮೇಲೆ ಠರಾವು ಮಾಡಬೇಕಾಯಿತು. ವರದಿ ಒಳ್ಳೆಯದೋ ಕೆಟ್ಟದ್ದೋ, ಅದು ಬೇರೆ ಜಗಳ, ನನಗೂ ಅದರಲ್ಲಿ ನನ್ನದೇ ಅಭಿಪ್ರಾಯವಿದೆ. ಆದರೆ ಓದದೆ ಬೇಡ ಎಂದವರನ್ನೂ ಓದದೆ ಬೇಕು ಎಂದವರನ್ನೂ ಹುಟ್ಟಿಸಿದ್ದು ಆ ಕಾಗದದ ಭಾಷೆ. ಯಾರೋ ಪುಢಾರಿ ಬಂದು "ನಿಮ್ಮ ತೋಟ ಹೋಗುತ್ತದೆ" ಎಂದರೆ ಅದೇ ವರದಿ. ಇನ್ನೊಬ್ಬ ಬಂದು "ಏನೂ ಆಗುವುದಿಲ್ಲ" ಎಂದರೆ ಅದೂ ವರದಿ.

ಇದಕ್ಕೆ ಕೋರ್ಟಿನ ಬಲವೂ ಇದೆ. 2020ರಲ್ಲಿ ಕೇಂದ್ರದ ಪರಿಸರ ಪರಿಣಾಮ ಅಧ್ಯಯನದ ಕರಡು ಬಂದಾಗ, ಅದಕ್ಕೆ ಸ್ಥಳೀಯ ಭಾಷೆಗಳಲ್ಲಿ ಸರಿಯಾದ ಪ್ರಚಾರವೇ ಸಿಕ್ಕಿಲ್ಲ ಎಂಬ ಅರ್ಜಿಯ ಮೇಲೆ ಕರ್ನಾಟಕ ಹೈಕೋರ್ಟ್ ಆಗಸ್ಟಿನಲ್ಲಿ ಅಂತಿಮ ಅಧಿಸೂಚನೆಯನ್ನು ತಡೆದು ನಿಲ್ಲಿಸಿತು. ದೆಹಲಿ ಹೈಕೋರ್ಟ್ ಅದೇ ವರ್ಷ ಜೂನ್ ಕೊನೆಯಲ್ಲಿ ಆ ಕರಡನ್ನು ಎಂಟನೇ ಪರಿಚ್ಛೇದದ 22 ಭಾಷೆಗಳಿಗೂ ಅನುವಾದಿಸಿ ಎಂದಿತ್ತು. ಕೇಳಿಸಿಕೊಳ್ಳುವ ಮನಸ್ಸಿದ್ದರೆ ಅರ್ಥವಾಗುವ ಭಾಷೆಯಲ್ಲಿ ಕೇಳಿ. ಇದನ್ನೇ ಹೆಬ್ರಿಯ ಅಡಿಕೆ ಕೃಷಿಕನೂ ಹೇಳಬಹುದು, ಸಭೆಯಲ್ಲಿ, ಮೈಕಿನ ಮುಂದೆ. ಕನ್ನಡದಲ್ಲಿಲ್ಲದ ಕಾಗದದ ಮೇಲೆ ನಾವು ಠರಾವು ಮಾಡುವುದಿಲ್ಲ ಎಂದು.

"ಹಳ್ಳಿಯವರಿಗೆ ಸಭೆಯಲ್ಲಿ ಮಾತಾಡಲು ಬರುವುದಿಲ್ಲ, ಗಲಾಟೆ ಮಾಡುತ್ತಾರೆ" ಎಂದು ಅಧಿಕಾರಿಗಳು ಹೇಳುವುದನ್ನು ಕೇಳಿದ್ದೇನೆ. ಇದನ್ನು ಹೇಳುವವರು ಒಂದು ರಾತ್ರಿ ಆ ಸೀಮೆಯಲ್ಲಿ ತಾಳಮದ್ದಳೆಗೆ ಹೋಗಿ ಕೂರಬೇಕು. ವೇಷವಿಲ್ಲ, ಕುಣಿತವಿಲ್ಲ. ಚಾಪೆಯ ಮೇಲೆ ಪಂಚೆ ಶಾಲು ಹೊದ್ದು ಕೂತ ಅರ್ಥಧಾರಿಗಳು, ಪಕ್ಕದಲ್ಲಿ ಭಾಗವತರು, ಚೆಂಡೆ, ಮದ್ದಳೆ. ಕೃಷ್ಣ ಸಂಧಾನ ಪ್ರಸಂಗ ಎಂದಿಟ್ಟುಕೊಳ್ಳಿ. ಅದೂ ಒಂದು ಸಭೆಯೇ ತಾನೇ! ಐದು ಊರು ಕೊಡು ಎಂದು ಒಬ್ಬ, ಸೂಜಿಮೊನೆಯಷ್ಟೂ ಕೊಡೆನು ಎಂದು ಇನ್ನೊಬ್ಬ. ಗಂಟೆಗಟ್ಟಲೆ ವಾದ. ಒಬ್ಬನ ಮಾತು ಮುಗಿಯುವ ತನಕ ಇನ್ನೊಬ್ಬ ಬಾಯಿ ಹಾಕುವುದಿಲ್ಲ. ಉತ್ತರ ಕೊಡುವಾಗ ಎದುರಾಳಿ ಎತ್ತಿದ ಮಾತಿಗೇ ಉತ್ತರ ಕೊಡಬೇಕು, ಜಾರಿಕೊಂಡರೆ ಸಭೆ ನಗುತ್ತದೆ. ಎಳೆದದ್ದು ಜಾಸ್ತಿಯಾದರೆ ಭಾಗವತರು ಮುಂದಿನ ಪದ್ಯ ಎತ್ತುತ್ತಾರೆ, ಅಲ್ಲಿಗೆ ಮುಗಿಯಿತು. ಎಂಥ ದೊಡ್ಡ ಅರ್ಥಧಾರಿಯೂ ಪದ್ಯಕ್ಕೆ ತಲೆಬಾಗಲೇಬೇಕು. ಒಂದೇ ಒಂದು ಇಂಗ್ಲಿಷ್ ಪದ ನುಸುಳಿದರೆ ಅವಮಾನ. ಶೇಣಿ ಗೋಪಾಲಕೃಷ್ಣ ಭಟ್ಟರ ಮಾತು ಕೇಳಲು ಜನ ಮೈಲುಗಟ್ಟಲೆ ನಡೆದು ಬರುತ್ತಿದ್ದರು. ಹಾಗೆ ಬಂದವರಲ್ಲಿ ಮನೆಯಲ್ಲಿ ತುಳು ಆಡುವವರೆಷ್ಟು ಮಂದಿ! ನಮ್ಮ ವಿಧಾನಮಂಡಲದಲ್ಲಿ ಇದರ ಕಾಲುಭಾಗ ಶಿಸ್ತು ಇದ್ದಿದ್ದರೆ ನಾಡು ಎಲ್ಲಿಗೋ ಹೋಗುತ್ತಿತ್ತು.

ಅಂದರೆ ಆ ಜನಕ್ಕೆ ಸಭೆಯ ನಿಯಮ ಗೊತ್ತಿಲ್ಲವೆಂದಲ್ಲ. ರಾತ್ರಿ ಸಭೆಯಲ್ಲಿ ದುರ್ಯೋಧನನ ವಾದದ ತೂತು ಹಿಡಿಯುವ ಮನುಷ್ಯ ಮರುದಿನ ಗ್ರಾಮಸಭೆಯಲ್ಲಿ ಜಮಾಖರ್ಚಿನ ತೂತು ಕಂಡೂ ಸುಮ್ಮನೆ ಕೂರುತ್ತಾನೆ. ಯಾಕೆ? ರಾತ್ರಿಯ ಸಭೆ ಅವನದು, ಹಗಲಿನದು ಅವನದಲ್ಲ. ಪಕ್ಕದ ಕುಂದಾಪುರ ತಾಲೂಕಿನಲ್ಲಿ 1990ರ ದಶಕದಲ್ಲೇ ಮಕ್ಕಳ ಪಂಚಾಯಿತಿ ಕಟ್ಟಿ, ಚಿಕ್ಕ ಹುಡುಗ ಹುಡುಗಿಯರು ತಮ್ಮೂರಿನ ದಾರಿ, ಸಂಕ, ನೀರಿನ ಲೆಕ್ಕ ತೆಗೆದು ದೊಡ್ಡವರ ಮುಂದೆ ಇಟ್ಟರು. ಮಕ್ಕಳಿಗೆ ಬಂದದ್ದು ದೊಡ್ಡವರಿಗೆ ಬಾರದೇ?

ಈಗ ನಿಮ್ಮ ಸರದಿ, ಬೆಂಗಳೂರಿನ ಗೆಳೆಯರೇ. ನಗರದಲ್ಲಿ ನಮಗೆ ಸಭೆ ಎಂಬುದೇ ಇಲ್ಲದಂತಾಯಿತು. 2020ರ ಸೆಪ್ಟೆಂಬರಿನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸದಸ್ಯರ ಅವಧಿ ಮುಗಿಯಿತು. ಚುನಾವಣೆ ವರ್ಷಗಟ್ಟಲೆ ಮುಂದಕ್ಕೆ ಹೋಯಿತು, 2025ರಲ್ಲಿ ಪಾಲಿಕೆಯನ್ನೇ ಐದು ತುಂಡು ಮಾಡಿದರು. ತಾಲೂಕು, ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೂ ಇದೇ ಕಥೆ. ನೀರು ಸಾಬ್ ಎಂದು ಜನ ಕರೆದ ನಜೀರ್ ಸಾಬರು 1980ರ ದಶಕದಲ್ಲಿ ಹಳ್ಳಿಯ ಕೈಗೆ ಅಧಿಕಾರ ಕೊಡಲು ಹೋರಾಡಿದ ರಾಜ್ಯ ಇದು! ಆ ಮೆಟ್ಟಿಲುಗಳಲ್ಲಿ ಯಾರ ಓಟಿಗೂ ಕಾಯದೆ, ನೀವೇ ಸದಸ್ಯರಾಗಿ ಕೂರಬಹುದಾದದ್ದು ಗ್ರಾಮಸಭೆ. ನಿಮ್ಮಲ್ಲಿ ಎಷ್ಟೋ ಜನರ ಓಟು ಇನ್ನೂ ಊರಿನಲ್ಲೇ ಇದೆ. ಚುನಾವಣೆಗೆ ಮೆಜೆಸ್ಟಿಕ್ಕಿನಿಂದ ರಾತ್ರಿ ಬಸ್ಸು ಹಿಡಿಯುತ್ತೀರಲ್ಲ, ಅದೇ ಬಸ್ಸು ಗ್ರಾಮಸಭೆಗೂ ಹೋಗುತ್ತದೆ.

ಹೋಗಿ ಭಾಷಣ ಮಾಡಬೇಡಿ, ದಯವಿಟ್ಟು. ಶಾಲು ಬ್ಯಾಗಿನಲ್ಲೇ ಇರಲಿ. ಹಿಂದಿನ ಸಾಲಿನಲ್ಲಿ ಅಜ್ಜಿಯರ ಪಕ್ಕ ಕೂರಿ. ಅಧಿಕಾರಿ ಇಂಗ್ಲಿಷ್ ಉದುರಿಸಿದಾಗ ಕೈ ಎತ್ತಿ, "ಸರ್, ಇದನ್ನು ಕನ್ನಡದಲ್ಲಿ ಹೇಳಿ" ಎನ್ನಿ. ಅವರು ಹೇಳುವ ತನಕ ಕೂರಬೇಡಿ. ಅಜ್ಜಿ ಎದ್ದಾಗ, "ಅವರು ಅವರ ಮಾತಿನಲ್ಲೇ ಹೇಳಲಿ, ಬೇಕಾದರೆ ನಾನು ಕನ್ನಡದಲ್ಲಿ ಹೇಳುತ್ತೇನೆ" ಎನ್ನಿ. ಹಾಜರಿ ಪುಸ್ತಕ ಬಂದಾಗ ಖಾಲಿ ಹಾಳೆಗೆ ಸಹಿ ಹಾಕಬೇಡಿ. "ಮೊದಲು ಬರೆಯಿರಿ, ಓದಿ ಹೇಳಿ, ಅಜ್ಜಿಯ ಹೆಸರೂ ತೋಡೂ ಅದರಲ್ಲಿ ಇದೆಯೋ ನೋಡೋಣ, ಆಮೇಲೆ ಸಹಿ" ಎನ್ನಿ. ಊಟ ತಡವಾಗುತ್ತದೆ ಎಂದು ನಾಲ್ಕು ಜನ ಗೊಣಗುತ್ತಾರೆ. ಗೊಣಗಲಿ.

ಆ ತೋಡಿನ ಮೇಲೆ ನಾನು ಕೊನೆಯ ಸಲ ನೋಡಿದಾಗಲೂ ಅವೇ ಎರಡು ಅಡಿಕೆ ಮರ ಇದ್ದವು. ಕುಂಬಾದ ಮರದ ಪಕ್ಕಕ್ಕೆ ಯಾರೋ ಒಂದು ಬಿದಿರು ಕಟ್ಟಿದ್ದರು, ಹಿಡಿದುಕೊಳ್ಳಲು. ನಿಮ್ಮೂರಿನ ಗ್ರಾಮಸಭೆ ಯಾವತ್ತು ಎಂದು ಇವತ್ತೇ ಪಂಚಾಯಿತಿಗೆ ಫೋನು ಮಾಡಿ ಕೇಳಿ. ನಾನು ಕೇಳಿದ್ದೇನೆ, ರಜೆಯೂ ಹಾಕಿದ್ದೇನೆ.